ಊರವರೆಲ್ಲರ ಮಡಿ ಕಾಯುವ ಅತ್ತೆ

ನನ್ನ ಸೋದರತ್ತೆ ಜೀವಮಾನದಲ್ಲಿ ಯಾರನ್ನೂ ಮತಾಂತರ ಮಾಡಿದವಳಲ್ಲ. ಆದರೆ ಅವರವರ ಮತದಲ್ಲೇ ನೆಟ್ಟಗಿರಿ ಎಂದು ಆಕೆ ಕೊಟ್ಟ ಕಾಟವಿದೆಯಲ್ಲ, ಅದಕ್ಕಿಂತ ಮತಾಂತರವೇ ವಾಸಿ ಎಂದು ಭಟ್ಕಳ ತಾಲೂಕಿನಲ್ಲಿ ಎಷ್ಟು ಜನರಿಗೆ ಅನ್ನಿಸಿದೆಯೋ!

ಮುಟ್ಟಳ್ಳಿಯ ಆಕೆಯ ಮನೆಯಲ್ಲಿ ಮಡಿಯೆಂದರೆ ಮಡಿ. ಬಾವಿಕಟ್ಟೆಯ ಮೇಲೆ ಕಾಗೆ ಕೂತೆದ್ದರೂ ಎರಡು ಕೊಡ ನೀರು ಸುರಿದು ತೊಳೆಯುವವಳು. ನಾನು ಕುಮಟೆಯಿಂದ ಹೋದರೆ ಅಂಗಳದಲ್ಲೇ ತಡೆದು, ಕಾಲು ತೊಳೆಸಿ, ಅಂಗಿ ಬಿಚ್ಚಿಸಿ ಆಮೇಲೆ ‘ಬಂದ್ಯಾ?’ ಎನ್ನುವವಳು. ಇಷ್ಟಕ್ಕೇ ನಿಂತಿದ್ದರೆ ಎಂಥಾ ಸುಖ! ಪಕ್ಕದವರ ದೇವರಿಗೆ ಸಲ್ಲಬೇಕಾದದ್ದು ಸಂದಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ಕೆಲಸವನ್ನೂ ಯಾರೂ ಹೇಳದೆ ವಹಿಸಿಕೊಂಡಿದ್ದಳು.

ಒಮ್ಮೆ ರಂಜಾನ್ ತಿಂಗಳಲ್ಲಿ ಹೊನ್ನಾವರದ ಬಸ್ಸಿನಲ್ಲಿ ನಾವಿಬ್ಬರೂ ಕೂತಿದ್ದೆವು. ಮುಂದಿನ ಸೀಟಿನಲ್ಲಿ ಗಡ್ಡ ಬಿಟ್ಟ ತರುಣನೊಬ್ಬ ಆರಾಮಾಗಿ ಬನ್ಸ್ ತಿನ್ನುತ್ತಿದ್ದ. ಅತ್ತೆ ಅವನ ಭುಜಕ್ಕೆ ಛತ್ರಿಯಿಂದ ತಿವಿದಳು.

“ಎಂತ ಇದು? ಹಗಲು ಹೊತ್ತಿನಲ್ಲಿ ತಿಂತಾರಾ? ನಿಮಗೆ ಉಪವಾಸ ಅಲ್ವಾ?”

ಅವನು ಗಾಬರಿಯಾಗಿ ಬಾಯೊಳಗಿದ್ದದ್ದನ್ನು ನುಂಗಿ, “ಅಮ್ಮಾ, ನಾನು ಹಿರೇಗುತ್ತಿಯವ. ಹಿಂದೂ,” ಎಂದ.

ನಾನು ನಾಚಿಕೆಯಿಂದ ಕಿಟಕಿಯ ಹೊರಗೆ ನೋಡತೊಡಗಿದೆ. ಅತ್ತೆ ಅಳುಕಲಿಲ್ಲ.

“ಹಾಂಗಾದ್ರೆ ಇವತ್ತು ಏಕಾದಶಿ! ಅದೂ ಗೊತ್ತಿಲ್ವಾ?”

ಪಾಪ, ಆ ಹೊತ್ತಿಗೆ ಅವನ ಪಾಲಿಗೆ ಯಾವ ಧರ್ಮವೂ ಉಳಿದಿರಲಿಲ್ಲ.

ಇನ್ನೊಂದು ಸಲ ಅತ್ತೆಯ ಕಾಲಿಗೆ ಗಾಯವಾಗಿ, ಪಟ್ಟಿ ಬದಲಿಸಲು ಕ್ರೈಸ್ತ ನರ್ಸೊಬ್ಬರು ಮನೆಗೆ ಬರುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರು ಅಂಗಳಕ್ಕೆ ಕಾಲಿಡುತ್ತಲೇ ವಿಚಾರಣೆ ಶುರು.

“ಇಗರ್ಜಿಗೆ ಹೋಗಿ ಬಂದ್ರಾ?”

“ಇಲ್ಲಮ್ಮ, ಇವತ್ತು ಡ್ಯೂಟಿ.”

“ಹೋಗಿಬನ್ನಿ. ನನ್ನ ಗಾಯ ಎಲ್ಲೂ ಓಡಿ ಹೋಗುದಿಲ್ಲ.”

ಕಾಲನ್ನು ಸೀರೆಯೊಳಗೆ ಎಳೆದುಕೊಂಡವಳು ಹೊರಗೆ ತೆಗೆಯಲೇ ಇಲ್ಲ! ನರ್ಸಮ್ಮ ಇಗರ್ಜಿಗೆ ಹೋಗಿ ಬಂದು, ಪಟ್ಟಿ ಕಟ್ಟಿ, ಹೊರಡುವಾಗ ನನ್ನ ಹತ್ತಿರ ಮೆಲ್ಲಗೆ ಹೇಳಿದರು: “ನಮ್ಮ ಪಾದ್ರಿಗಳೂ ಇಷ್ಟು ಜೋರು ಮಾಡುದಿಲ್ಲ ಸಾರ್.”

ಈ ಹುಚ್ಚನ್ನು ಹತ್ತಿಸಿದವನು ನನ್ನ ಅಜ್ಜ, ಅಂದರೆ ಅತ್ತೆಯ ಅಪ್ಪ. ಮೂರು ಹೊತ್ತು ಸ್ನಾನ ಮಾಡುತ್ತಿದ್ದ ವೈದಿಕ. ಅತ್ತೆಗೆ ಏಳು ವರ್ಷವಿದ್ದಾಗ, ಬಟ್ಟೆ ಮಾರಲು ಬಂದ ಸಾಹೇಬರೊಬ್ಬರು ಇವರ ಮಾವಿನ ಮರದಡಿ ನಮಾಜು ಮಾಡುತ್ತಿದ್ದರಂತೆ. ಅವರು ಬಗ್ಗಿದಂತೆ ಜಗಲಿಯ ಮೇಲೆ ಇವಳೂ ಬಗ್ಗಿ, ಎದ್ದು, ಹಲ್ಲು ಕಿಸಿದಳಂತೆ. ಅಜ್ಜ ಬೈಯಲಿಲ್ಲ. ಕಿವಿ ಹಿಡಿದು ಅಂಗಳಕ್ಕೆ ಕರೆತಂದು, ಆ ನಮಾಜು ಮುಗಿಯುವವರೆಗೆ ಬಿಸಿಲಲ್ಲಿ ಕೈಕಟ್ಟಿ ನಿಲ್ಲಿಸಿದ. “ಅವ ದೇವರ ಹತ್ರ ಮಾತಾಡ್ತಾ ಇದ್ದ. ಮಧ್ಯ ಬಾಯಿ ಹಾಕಡ,” ಎಂದನಂತೆ. ಅಷ್ಟೇ ಪಾಠ. ಅದನ್ನವಳು ಎಪ್ಪತ್ತು ವರ್ಷ ಬಿಡದೆ ಒಪ್ಪಿಸುತ್ತ ಬಂದಳು.

ಮುಟ್ಟಳ್ಳಿಯಲ್ಲಿ ಬೇಲಿಯಾಚೆಗೆ ಜುಲೇಖಕ್ಕನ ಮನೆ. ಭಟ್ಕಳದ ನವಾಯತ ಮುಸ್ಲಿಮರು, ಅತ್ತೆಯ ವಯಸ್ಸಿನವರೇ. ಆ ಮನೆಯಲ್ಲಿ ಅತ್ತೆ ಒಂದು ಲೋಟ ನೀರು ಕುಡಿದವಳಲ್ಲ. ಜುಲೇಖಕ್ಕ ಕುಡಿಯಿರಿ ಎಂದವರೂ ಅಲ್ಲ. ತೋಟದಲ್ಲಿ ಹಣ್ಣಾದಾಗ ಹೆಚ್ಚದೆ, ಇಡಿಯಾಗಿ, ತೊಳೆದ ಕೈಯಲ್ಲಿ ತಂದು ತುಳಸಿಕಟ್ಟೆಯಿಂದ ಮಾರು ದೂರ ಇಟ್ಟು, “ಅಮ್ಮಾ, ಮುಟ್ಟಿದ್ದು ನಾನೊಬ್ಬಳೇ,” ಎಂದು ಹೇಳಿ ಹೋಗುತ್ತಿದ್ದರು. ಅತ್ತೆಯೂ ಕಡಿಮೆಯಿಲ್ಲ. ಚೌತಿಯ ದಿನ ಪಂಚಕಜ್ಜಾಯ ಮಾಡಿದರೆ, ನೈವೇದ್ಯಕ್ಕೆ ಮೊದಲೇ ಒಂದು ಬಟ್ಟಲು ಬೇರೆ ತೆಗೆದಿಡುವಳು. ದೇವರಿಗೆ ತೋರಿಸಿದ್ದು ಜುಲೇಖಕ್ಕನಿಗೆ ನಡೆಯುವುದಿಲ್ಲವಲ್ಲ!

“ದೇವರಿಗಿಂತ ಮೊದಲು ತೆಗೆದರೆ ಪಾಪ ಅಲ್ದ ಅತ್ತೆ?” ಎಂದು ನಾನು ಕೆಣಕಿದೆ.

“ಗಣಪತಿಗೆ ಹೊಟ್ಟೆ ದೊಡ್ಡದಿದ್ದು. ಅವ ತಡ್ಕತ್ತ.”

ನಾನೋ, ಕುಮಟೆಯ ಕಾಲೇಜಿನಲ್ಲಿ ಪಾಠ ಹೇಳಿದವನು. ದೇವರಿಲ್ಲ, ಜನಿವಾರವಿಲ್ಲ. ಜುಲೇಖಕ್ಕನ ಮನೆಯ ಚಹಾವನ್ನು ಎರಡೆರಡು ಲೋಟ ಕುಡಿದು ಬಂದು, ಅತ್ತೆಯ ಮುಂದೆ ಸಮಾನತೆಯ ಬಗ್ಗೆ ಭಾಷಣ ಬಿಗಿಯುತ್ತಿದ್ದೆ. ಎಂಥಾ ದೊಡ್ಡ ಮನುಷ್ಯ!

ಆಮೇಲೆ ಕಾಲ ಕೆಟ್ಟಿತು. ನಮ್ಮ ಕುಟುಂಬದ ಮೊಬೈಲ್ ಗುಂಪಿನಲ್ಲಿ ದಿನಬೆಳಗಾದರೆ ವಿಷ. ಕಳಿಸುವವರಲ್ಲಿ ಅತ್ತೆಯ ಮಗನೇ ಮೊದಲಿಗ, ನನಗೆ ಭಾವನಾಗಬೇಕು. ಆಚೆ ಮನೆಯಲ್ಲೂ ಅಂಥದ್ದೇ ಕಥೆ. ಜುಲೇಖಕ್ಕನ ಮಗ ದುಬೈಯಿಂದ ಬಂದವನು ಅಮ್ಮ ಈಚೆ ಬರುವುದನ್ನು ನಿಲ್ಲಿಸಿದ. ಒಂದು ಬೇಸಿಗೆಯಲ್ಲಿ ಭಾವ ಬೇಲಿ ಕೀಳಿಸಿ, ಆಚೀಚೆ ದಾಟಲು ನಡುವೆ ಇದ್ದ ದಣಪೆಯನ್ನು ಕಿತ್ತೆಸೆದು, ಆಳೆತ್ತರ ಚಿರೆಕಲ್ಲಿನ ಗೋಡೆ ಎಬ್ಬಿಸಿದ.

ಅತ್ತೆ ಅಂಗಳದಲ್ಲಿ ನಿಂತು ಕೂಗಿದಳು: “ಗಾಯತ್ರಿ ಹೇಳದ್ದೆ ಹತ್ತು ವರ್ಷ ಆತು ನಿಂಗೆ! ನೀನು ಧರ್ಮ ಉಳಸ್ತ್ಯಾ?”

ಭಾವ ನನ್ನ ಕಡೆ ತಿರುಗಿ, “ನೀನಾದರೂ ಹೇಳು ಮಾರಾಯ, ಮುದುಕಿಗೆ,” ಎಂದ.

ನಾನು ಏನು ಹೇಳಿದೆ ಗೊತ್ತೆ? “ಇದು ನಿಮ್ಮ ಮನೆಯ ವಿಷಯ” ಎಂದೆ! ಆ ವಾರವೇ ಕುಮಟೆಯಲ್ಲಿ ಸೌಹಾರ್ದದ ಕುರಿತು ಮಾತಾಡಿ ಶಾಲು ಹೊದೆಸಿಕೊಂಡೆ. ಒಳ್ಳೆಯ ಶಾಲು, ಬಣ್ಣ ಹೋಗಿಲ್ಲ.

ಸುತ್ತಿ ಬಳಸಿ ರಸ್ತೆಯಲ್ಲಿ ಹೋಗಲು ಇಬ್ಬರು ಮುದುಕಿಯರ ಕಾಲಲ್ಲೂ ಬಲವಿರಲಿಲ್ಲ. ಎರಡು ವರ್ಷ ಮುಖ ನೋಡದೆ ಕಳೆದವು.

ಕಳೆದ ವರ್ಷ ನಾನು ಮುಟ್ಟಳ್ಳಿಯಲ್ಲಿದ್ದ ಒಂದು ಮಧ್ಯಾಹ್ನ ಮಸೀದಿಯ ಮೈಕಿನಲ್ಲಿ ಜುಲೇಖಕ್ಕನ ಹೆಸರು ಕೇಳಿತು. ತೀರಿಕೊಂಡಿದ್ದರು. ಅತ್ತೆ ಬಾವಿಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಗೆ ಎರಡು ಕೊಡ ತಣ್ಣೀರು ಹೊಯ್ದುಕೊಂಡು, ಹೊರಜಗಲಿಯಲ್ಲಿ ಚಾಪೆ ಹಾಕಿ ಕೂತಳು.

“ನಾ ದೇವರೊಳಗೆ ಬತ್ತಿಲ್ಲೆ. ದೀಪ ನೀ ಹಚ್ಚು,” ಎಂದಳು ಮಗನಿಗೆ.

“ಅವರು ಸತ್ತರೆ ನಮಗೆಂತ ಸೂತಕ? ಯಾವ ಶಾಸ್ತ್ರದಲ್ಲಿದ್ದು?”

“ನೀನು ಓದಿದ್ಯಾ ಶಾಸ್ತ್ರ?”

ಭಾವ ಒಳಗೆ ಹೋದ. ಅತ್ತೆ ನನ್ನನ್ನು ಕೇಳಿದಳು: “ಅವರಲ್ಲಿ ಸೂತಕ ಎಷ್ಟು ದಿನ ಹಿಡಿತ?”

ಸೌಹಾರ್ದದ ಮೇಲೆ ಮುಕ್ಕಾಲು ಗಂಟೆ ನಿಲ್ಲಿಸದೆ ಮಾತಾಡಬಲ್ಲ ನನಗೆ ಅಷ್ಟೂ ಗೊತ್ತಿರಲಿಲ್ಲ!

“ಕೇಳ್ಕಂಡು ಬಾ.”

ರಸ್ತೆ ಸುತ್ತಿ ಹೋದೆ. ಜುಲೇಖಕ್ಕನ ಮಗ ಬಾಗಿಲಲ್ಲಿ ನಿಂತಿದ್ದ. ಅತ್ತೆ ಕೇಳಿಕಳಿಸಿದ್ದಾಳೆ ಎಂದಾಗ ನಂಬದವನಂತೆ ನೋಡಿದ. “ಮೂರು ದಿನ,” ಎಂದ. ಆಮೇಲೆ, “ಹಣ್ಣು ಕೊಯ್ದಾಗೆಲ್ಲ ಅಮ್ಮ ಒಂದು ಪಾಲು ಬೇರೆ ಇಡ್ತಿದ್ರು. ಯಾರಿಗೆ ಅಂತ ನಾವು ಕೇಳಲೇ ಇಲ್ಲ,” ಎಂದು ಒಳಗೆ ಹೋಗಿಬಿಟ್ಟ.

“ಮೂರು ದಿನ ಅಡ,” ಎಂದು ಬಂದು ಹೇಳಿದೆ. ಅತ್ತೆ ತಲೆಯಾಡಿಸಿದಳು.

ಸಂಜೆಯ ಬಸ್ಸಿಗೆ ಹೊರಡಬೇಕಾದವನು ಹೊರಡಲಿಲ್ಲ. ಹೋಗಿ ಅವಳ ಪಕ್ಕದಲ್ಲಿ ಕೂತೆ.

“ದೂರ ಕೂರು. ನಂಗೆ ಸೂತಕ.”

“ನಂಗೂ,” ಎಂದೆ.

“ಹಾಂಗಾರೆ ತಲೆಗೆ ನೀರು ಹೊಯ್ಕಂಡು ಬಾ,” ಎಂದವಳು, ಒದ್ದೆ ಸೆರಗಿನಿಂದ ಕಣ್ಣೊರೆಸಿಕೊಂಡು, ಚಾಪೆಯಲ್ಲಿ ಒಂದಿಷ್ಟು ಸರಿದು ಜಾಗ ಬಿಟ್ಟಳು.