ಕಾರಿಗೊಂದು ಗೌನು

ಕಾರು ನಮ್ಮ ಮನೆಗೆ ಬಂದ ದಿನ ನಾನು ಅದರ ಸುತ್ತ ಒಂದು ಸುತ್ತು ಬಂದು, ಸೊಂಟದ ಮೇಲೆ ಕೈಯಿಟ್ಟು, ಬೀದಿಗೆಲ್ಲ ಕೇಳುವಂತೆ ಘೋಷಿಸಿದ್ದೆ: "ಇದೇನ್ ಮಹಾ! ಇದನ್ನ ನಾನೂ ಓಡಿಸ್ತೀನಿ!"

ಗಾಜು ಒರೆಸುತ್ತಿದ್ದ ನಮ್ಮ ಯಜಮಾನರು ತಲೆ ಎತ್ತಲೂ ಇಲ್ಲ. "ಮೊದ್ಲು ಅದರ ಬಾಗ್ಲು ಮೆತ್ತಗೆ ಹಾಕೋದು ಕಲಿ. ಅದು ಬೀರು ಅಲ್ಲ," ಎಂದರು.

ಬಾಗಿಲು ಮೆತ್ತಗೆ ಹಾಕುವುದನ್ನು ಕಲಿಯುವುದರಲ್ಲೇ ನನ್ನ ಸಂಸಾರ ಮುಗಿಯಿತು! ಅವರಿರುವವರೆಗೆ ಸ್ಟೀರಿಂಗ್ ಅವರದು, ಪಕ್ಕದ ಸೀಟು ನನ್ನದು. ಅವರು ಹೋದ ಮೇಲೆ ಕಾರು ಶೆಡ್ಡು ಸೇರಿತು. ಹಾಗಂತ ನಾನು ಅದನ್ನು ಸುಮ್ಮನೆ ನಿಲ್ಲಿಸಲಿಲ್ಲ. ನಾನು ಹೊಲಿಗೆಯವಳು. ಗುಂಡಿ ಹಾಕುವುದು, ಕಾಜಾ ಕಟ್ಟುವುದು, ಅಂಚು ಮಡಿಸುವುದು, ಕೈಯಲ್ಲಿ ಮಾಡುವ ಕೆಲಸವೆಲ್ಲ ಕಾರಿನ ಹಿಂದಿನ ಸೀಟಿಗೆ ವರ್ಗವಾಯಿತು. ಮೆತ್ತನೆಯ ಸೀಟು, ಎರಡೂ ಕಡೆ ಕಿಟಕಿ. ಗಿರಾಕಿ ಬಂದು "ಆಯ್ತಾ? ಇನ್ನೂ ಆಗ್ಲಿಲ್ವಾ?" ಎಂದು ಶುರುಮಾಡಿದರೆ ಗಾಜು ಏರಿಸಿಬಿಟ್ಟರೆ ಸಾಕು. ಇಂಥ ಅಂಗಡಿ ಯಾವ ದರ್ಜಿಗಿದೆ, ಹೇಳಿ!

ನನ್ನ ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಮೇಡಂ. ವಾರಕ್ಕೊಮ್ಮೆ ಬಂದು ಕಾರನ್ನು ಸ್ಟಾರ್ಟ್ ಮಾಡಿ, ಗುರ್ ಎನ್ನಿಸಿ ಹೋಗುತ್ತಿದ್ದಳು. ಒಂದು ದಿನ ಸೀಟಿನ ಮೇಲೆ ಕೂತಾಗ ಅವಳಿಗೆ ಸೂಜಿ ಚುಚ್ಚಿತು. ಅಲ್ಲಿಂದ ಶುರುವಾಯಿತು ನೋಡಿ.

"ಅಮ್ಮಾ, ಕಾರು ಇರೋದು ಓಡೋಕೆ. ಹೀಗೇ ನಿಂತ್ರೆ ತುಕ್ಕು ಹಿಡಿದುಹೋಗುತ್ತೆ. ನಮ್ಮ ಸ್ಕೂಲಿಗೆ ಕೊಡು. ಕಲಿಯೋರಿಗೆ ಆಗುತ್ತೆ."

"ಕಲಿಯೋರಿಗಾ? ಕಂಡ ಕಂಡ ಗೋಡೆಗೆ ಗುದ್ದೋರಿಗಾ? ನಿಮ್ಮಪ್ಪ ಇದರ ಮೇಲೆ ನೊಣ ಕೂತ್ರೂ ಓಡಿಸ್ತಿದ್ರು!"

"ಹಾಗಾದ್ರೆ ನೀನೇ ಓಡ್ಸು."

"ಓಡಿಸ್ತೀನಿ! ನಿನ್ನ ಪಕ್ಕದಲ್ಲಿ ಕೂರಿಸ್ಕೊಂಡು ಪೇಟೆ ಬೀದಿಗೆ ಹೋಗಿ ಬರ್ತೀನಿ! ಕಾರಿನ ಮೇಲೆ ಒಂದೇ ಒಂದು ಗೀರು ಬಿದ್ರೆ ನೀನೇ ತಗೊಂಡು ಹೋಗು!"

ಬಾಯಿ ನನ್ನದೇ. ಯಾರನ್ನು ದೂರಲಿ?

ಮಗಳು ಕಾರಿಗೆ ಎಲ್ ಬೋರ್ಡು ಅಂಟಿಸಿದಳು, ಪಾಠ ಶುರುವಾಯಿತು. ಹೊಲಿಗೆ ಮಷಿನ್ನಿನಲ್ಲಿ ಎರಡು ಕಾಲಿಗೂ ಸೇರಿ ಒಂದೇ ಪೆಡಲ್ಲು. ಇಲ್ಲಿ ಎರಡು ಕಾಲಿಗೆ ಮೂರು! ಮೂರನೆಯದನ್ನು ತುಳಿಯಲು ಕಾಲನ್ನು ಯಾರ ಹತ್ತಿರ ಕಡ ತರಲಿ? ಅದೂ ಹೇಗೋ ಅಭ್ಯಾಸವಾಯಿತು. ಅಭ್ಯಾಸವಾಗದೆ ಉಳಿದದ್ದು ನಿಲ್ಲಿಸುವುದು. ಮಷಿನ್ ನಿಲ್ಲಿಸಬೇಕಾದರೆ ಏನು ಮಾಡುತ್ತೇವೆ? ಕಾಲು ಎತ್ತಿ, ಬಲಗಡೆಯ ಚಕ್ರದ ಮೇಲೆ ಅಂಗೈ ಒತ್ತುತ್ತೇವೆ. ಸೂಜಿ ಗಪ್ಪನೆ ನಿಲ್ಲುತ್ತದೆ. ಜೀವಮಾನವೆಲ್ಲ ಹಾಗೆ ನಿಲ್ಲಿಸಿದ ಕೈ ಇದು. ಎದುರಿಗೆ ಎಮ್ಮೆ ಬಂದ ಕೂಡಲೇ ನಾನು ಎರಡೂ ಕಾಲು ಎತ್ತಿ, ಸ್ಟೀರಿಂಗನ್ನು ಬಿಗಿಯಾಗಿ ಹಿಡಿದೆ.

"ಬ್ರೇಕಮ್ಮಾ! ಬ್ರೇಕು!" ಎಂದು ಕೂಗುತ್ತಾ ಮಗಳು ಕೈಬ್ರೇಕ್ ಎಳೆದಳು.

"ಹಿಡ್ಕೊಂಡಿದೀನಲ್ಲೇ!"

"ಚಕ್ರ ಹಿಡ್ಕೊಂಡ್ರೆ ಇದು ನಿಲ್ಲಲ್ಲಮ್ಮಾ! ಇದು ನಿನ್ನ ಮಷಿನ್ನಲ್ಲ!"

ರಸ್ತೆಯ ಬೋರ್ಡುಗಳ ಕಥೆ ಬೇರೆ. ನಾನು ಅಕ್ಷರ ಕೂಡಿಸಿ ಓದುವವಳು. ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬೋರ್ಡು ಹಿಂದೆ ಹೋಗಿರುತ್ತಿತ್ತು. ಆದರೂ ಬಿಡಲಿಲ್ಲ. ಬರಬರುತ್ತಾ ಮಗಳ ಕೂಗಾಟ ಕಡಿಮೆಯಾಯಿತು. "ಈ ಭಾನುವಾರ ಪೇಟೆ ಬೀದಿ," ಎಂದು ಅವಳೇ ದಿನ ಗೊತ್ತುಮಾಡಿ ಹೋದಳು. "ಅಲ್ಲಿವರೆಗೂ ಒಬ್ಬಳೇ ಸ್ಟಾರ್ಟ್ ಮಾಡ್ಬೇಡ."

ನನಗೆ ಓಡಿಸುವ ಉದ್ದೇಶ ಖಂಡಿತ ಇರಲಿಲ್ಲ. ಶನಿವಾರ ಬೆಳಗ್ಗೆ ಹಿಂದಿನ ಸೀಟಿನಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದೆ. ಮೋಡ ಕವಿದಿತ್ತು, ಸೂಜಿಯ ಕಣ್ಣು ಕಾಣಿಸಲೊಲ್ಲದು. ಕಾರು ಒಂದು ಮಾರು ಮುಂದೆ ಹೋದರೆ ಶೆಡ್ಡಿನ ಹೊರಗೆ ಒಳ್ಳೆಯ ಬೆಳಕು. ಒಂದೇ ಒಂದು ಮಾರು! ಅದಕ್ಕೆ ಮಗಳನ್ನು ಕರೆಸಬೇಕೇ?

ಸ್ಟಾರ್ಟ್ ಮಾಡಿದೆ. ಕಾರು ಬೆಣ್ಣೆಯ ಹಾಗೆ ಹೊರಟಿತು. ಬೆಳಕು ಬಂತು. ಸಾಕು ಎನ್ನಿಸಿತು. ಎರಡೂ ಕಾಲು ಎತ್ತಿದೆ. ಸ್ಟೀರಿಂಗ್ ಬಿಗಿಯಾಗಿ ಹಿಡಿದೆ. ಕಾರು ಹೋಗುತ್ತಲೇ ಇತ್ತು. ಇನ್ನೂ ಬಿಗಿಯಾಗಿ ಹಿಡಿದೆ! ಅದು ಸಾವಕಾಶವಾಗಿ ಅಂಗಳ ದಾಟಿ, ಬಟ್ಟೆ ಒಗೆಯುವ ಕಲ್ಲಿಗೆ ಹಣೆ ಚಚ್ಚಿಕೊಂಡು ನಿಂತಿತು.

ಇಳಿದು, ಕಾರನ್ನು ಒಂದಡಿ ಹಿಂದಕ್ಕೆ ತಳ್ಳಿ ನೋಡಿದೆ. ಎಡಗಡೆ ಮೂತಿ ನೆಗ್ಗಿತ್ತು. ಎಡಕ್ಕೆ ತಿರುಗುವಾಗ ಮಿಣುಕುವ ದೀಪ ಪುಡಿಪುಡಿ. ಒಂದು ಗೀರು ಬಿದ್ದರೆ ಕೊಡುತ್ತೇನೆ ಎಂದಿದ್ದೆನಲ್ಲ, ಇಲ್ಲಿ ಗೀರಿನ ಇಡೀ ಕುಟುಂಬವೇ ಬಂದು ಬೀಡುಬಿಟ್ಟಿತ್ತು!

ಕಾಂಪೌಂಡಿನ ಮೇಲೆ ಒಂದು ತಲೆ ಎದ್ದಿತು. ಪಕ್ಕದ ಮನೆಯ ರಿಟೈರಾದ ಗುಮಾಸ್ತರು. ಅವರ ತಲೆ ಸದಾ ಗೋಡೆಯ ಮೇಲೇ ಇರುವುದರಿಂದ ಬೀದಿಯವರೆಲ್ಲ ಅವರನ್ನು ಗೋಡೆಮಾವ ಎನ್ನುತ್ತಾರೆ.

"ಏನಮ್ಮಾ, ಏನೋ ಸದ್ದಾಯ್ತು?"

"ಕೊಡ ಬಿತ್ತು ಮಾವ," ಎಂದು ನೆಗ್ಗಿದ ಜಾಗಕ್ಕೆ ಬೆನ್ನು ಕೊಟ್ಟು ನಿಂತೆ.

ಎಷ್ಟು ಹೊತ್ತು ಬೆನ್ನು ಕೊಟ್ಟು ನಿಲ್ಲಲಾದೀತು? ಆಗ ನೆನಪಾಯಿತು, ಒಬ್ಬ ಗಿರಾಕಿ ಪರದೆಗೆಂದು ತಂದು, ಮನಸ್ಸು ಬದಲಾಯಿಸಿ, ನನ್ನ ತಲೆಗೇ ಕಟ್ಟಿ ಹೋಗಿದ್ದ ಥಾನು. ಹಳದಿ ಬಟ್ಟೆಯ ತುಂಬ ತಟ್ಟೆಯಗಲದ ಸೂರ್ಯಕಾಂತಿ. ಕಾರಿಗೆ ಒಂದು ಹೊದಿಕೆ ಹೊಲಿದರೆ? ಧೂಳು ಹಿಡಿಯದಿರಲಿ ಎಂದು ಹೊಲಿದೆ ಅಂದರೆ ಯಾರು ಬೇಡ ಅಂತಾರೆ?

ಟೇಪು ತಂದು ಅಳತೆ ಹಿಡಿದೆ. ಬಾನೆಟ್ಟಿಗೆ ಎದೆ ಸುತ್ತಳತೆ, ಬಾಗಿಲ ಹತ್ತಿರ ಸೊಂಟ, ಡಿಕ್ಕಿಯ ಹತ್ತಿರ ಪೃಷ್ಠ. ಎರಡು ಕನ್ನಡಿಗೆ ಎರಡು ತೋಳು. ನನ್ನ ಕೈಯ ಉಡುಪು ಎಂದೂ ಸಡಿಲವಾದದ್ದಿಲ್ಲ. ಕೊನೆಯ ಹೊಲಿಗೆಯನ್ನು ಕಾರಿನ ಮೈಮೇಲೇ, ಎರಡೆಳೆ ದಾರದಲ್ಲಿ ಹಾಕಿದೆ. ಒಂದು ಸುಕ್ಕಿಲ್ಲ! ಗೋಡೆಮಾವ ನೋಡಿ, "ಕಾರಿಗೇನು ಸೀಮಂತವೇನಮ್ಮಾ?" ಎಂದರು. ನಾನು ದಾರವನ್ನು ಹಲ್ಲಿನಲ್ಲಿ ಕಡಿದೆ.

ಭಾನುವಾರ ಮಗಳು ಬಂದಳು. ಗೇಟಿನಲ್ಲೇ ನಿಂತಳು.

"ಏನಮ್ಮಾ ಇದು?"

"ಧೂಳು ಹಿಡೀಬಾರ್ದು ಅಂತ."

"ಸರಿ, ತೆಗಿ. ಹೋಗೋಣ."

ತೆಗೆ! ಎಷ್ಟು ಸುಲಭವಾಗಿ ಹೇಳಿಬಿಟ್ಟಳು. ಮೈಮೇಲೆ ಹೊಲಿದದ್ದನ್ನು ತೆಗೆಯುವುದು ಹೇಗೆ ಎಂದು ನಾನು ಯೋಚಿಸಿಯೇ ಇರಲಿಲ್ಲ!

"ಅದು ತೆಗೆಯೋ ಹಾಗಿಲ್ಲ. ಹೊಲಿದುಬಿಟ್ಟಿದೀನಿ."

"ಕಾರಿಗಾ?"

"ಬಟ್ಟೆ ದಂಡ ಆಗುತ್ತಲ್ಲೇ. ಬೇಕಾದ ಕಡೆ ಮಾತ್ರ ಕತ್ತರಿಸ್ತೀನಿ, ತಡಿ."

ಮುಂದಿನ ಗಾಜು, ಹಿಂದಿನ ಗಾಜು, ಬಾಗಿಲು, ಕನ್ನಡಿ, ನಂಬರ್ ಪ್ಲೇಟು, ಬಲಗಡೆಯ ದೀಪ, ಎಲ್ಲಕ್ಕೂ ಕಿಂಡಿ ಕತ್ತರಿಸಿದೆ. ಕತ್ತರಿಸಿದ ಅಂಚನ್ನು ಹಾಗೇ ಬಿಟ್ಟರೆ ನೂಲು ಬಿಚ್ಚುತ್ತದೆ. ಹಾಗೆ ಬಿಡುವುದು ನನ್ನ ಜಾಯಮಾನವಲ್ಲ. ಕೂತು ಒಂದೊಂದನ್ನೂ ಮಡಿಸಿ ಹೊಲಿದೆ. ಮಗಳು ಮೆಟ್ಟಿಲ ಮೇಲೆ ಕೂತು ಆಕಳಿಸಿದಳು.

"ಎಡಗಡೆ ದೀಪ?"

"ಅದ್ಯಾಕೆ? ನಾವು ಬಲಕ್ಕೇ ತಿರುಗೋಣ."

ಹೊಸಬರು ಎಡಕ್ಕೆ ತಿರುಗುವುದನ್ನೇ ಹುಡುಕುತ್ತಾರೆ, ಬಲಕ್ಕೆ ತಿರುಗುವುದೆಂದರೆ ಎದುರಿನ ವಾಹನಗಳ ನಡುವೆ ನುಗ್ಗಬೇಕು. ಅವಳು ನನ್ನನ್ನು ಒಂದು ಥರ ನೋಡಿದಳು. ಸದ್ಯ, ಧೈರ್ಯ ಎಂದುಕೊಂಡಳು!

ಸವಾರಿ ಹೊರಟಿತು. ಬೀದಿಯ ಜನ ಎರಡೂ ಕಡೆ ನಿಂತು ನೋಡಿದರು. ಮುಂದೆ ಹೋಗುತ್ತಿದ್ದ ವ್ಯಾನು ತಾನಾಗಿ ಬದಿಗೆ ಸರಿದು ದಾರಿ ಬಿಟ್ಟಿತು. ಎಡಗಡೆ ಕೂಗಳತೆಯಲ್ಲಿದ್ದ ಪೇಟೆಗೆ ನಾವು ಬಲಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ ತಿರುಗಿ, ಊರನ್ನೆಲ್ಲ ಸುತ್ತಿ ಹೋದೆವು. ಆಸ್ಪತ್ರೆ ಎರಡು ಸಲ ಸಿಕ್ಕಿತು.

"ಚೆನ್ನಾಗಿ ಓಡಿಸ್ತಿದೀಯ ಕಣಮ್ಮಾ," ಎಂದಳು ಮಗಳು. ಮೂರೂ ಪೆಡಲ್ಲಿಗೆ ಸರಿಯಾಗಿ ಕಾಲು ಬೀಳುತ್ತಿತ್ತು. ಬ್ರೇಕನ್ನು ಬ್ರೇಕಿನ ಜಾಗದಲ್ಲೇ ಹಾಕಿದೆ. ಗೆದ್ದೆ ಎಂದುಕೊಂಡೆ. ಆಗ ಸೂರ್ಯಕಾಂತಿಗಳ ನಡುವಿನಿಂದ ಬಿಳಿ ಹೊಗೆ ಎದ್ದಿತು.

"ನಿಲ್ಸು! ನಿಲ್ಸು! ಮುಂದೆ ಗಾಳಿ ಹೋಗೋ ಜಾಗಾನೂ ಮುಚ್ಚಿಬಿಟ್ಟಿದೀಯಾ? ಎಂಜಿನ್ ಕಾದಿದೆ! ಬಾನೆಟ್ ತೆಗೀಬೇಕು. ಕತ್ತರಿ ಕೊಡು!"

"ಮೆತ್ತಗೆ ಕಣೇ, ಆ ಹೊಲಿಗೆ..."

ಎಲ್ಲಿ ಕೇಳುತ್ತಾಳೆ! ಒಂದೇ ಎಳೆತಕ್ಕೆ ಬಟ್ಟೆ ಪರ್ರನೆ ಹರಿಯಿತು. ನೆಗ್ಗಿದ ಮೂತಿ ಪೇಟೆ ಬೀದಿಯ ನಟ್ಟನಡುವೆ ಹಲ್ಲು ಕಿರಿದು ನಿಂತಿತು.

ಮಗಳು ಅದನ್ನು ನೋಡಿದಳು. ನನ್ನನ್ನು ನೋಡಿದಳು.

"ಒಗೆಯೋ ಕಲ್ಲು ಅಡ್ಡ ಬಂತು," ಎಂದೆ.

"ಕಲ್ಲು ಬಂತಾ?"

"ನಾನೇ ಹೋದೆ."

"ನಾಳೆಯಿಂದ ಕಾರು ಸ್ಕೂಲಿಗೆ," ಎಂದಳು. ಆಡಿದ್ದು ನಾನೇ ತಾನೇ? ಎಂಜಿನ್ ತಣ್ಣಗಾಗುವವರೆಗೂ ಪಕ್ಕದ ಸೀಟಿನಲ್ಲಿ ಕೂತು, ಒಂದು ಸೂರ್ಯಕಾಂತಿಯನ್ನು ಸವರುತ್ತಾ ಇದ್ದೆ. ಇನ್ನು ಕಾಜಾ ಕಟ್ಟಲು ಎಲ್ಲಿ ಕೂರಲಿ ಎಂಬುದೊಂದೇ ತಲೆಯಲ್ಲಿತ್ತು.

ವಾಪಸು ಮಗಳೇ ಓಡಿಸಿದಳು. ಶನಿವಾರ ನಡೆದದ್ದನ್ನೆಲ್ಲ ನನ್ನ ಬಾಯಿಂದಲೇ ಹೇಳಿಸಿ, ದಾರಿಯುದ್ದಕ್ಕೂ ಬೈದಳು. ಸ್ಕೂಲಿನ ಮೇಡಂನ ತಾಯಿ ಅಂದಳು, ಮಾನ ಅಂದಳು, ಈ ವಯಸ್ಸಿನಲ್ಲಿ ಅಂದಳು. ಅಂಗಳಕ್ಕೆ ಬಂದು, ಕಾರನ್ನು ಹಿಂದಕ್ಕೆ ಶೆಡ್ಡಿಗೆ ಬಿಡುವಾಗಲೂ ನನ್ನ ಕಡೆಗೇ ತಿರುಗಿ ಬೈಯುತ್ತಿದ್ದಳು.

"ಒಂದು ಮಾರು ಅಂತೆ, ಬೆಳಕು ಅಂತೆ! ನಿನ್ನ ಕಡೆ ನೋಡು, ಜಾಗ ಇದ್ಯಾ?"

"ನನ್ನ ಕಡೆ ಬೇಕಾದಷ್ಟಿದೆ."

ಇತ್ತು ಕೂಡ. ಅವಳ ಕಡೆಯದನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಕರ್ರ್ ಎಂದು ಸದ್ದಾಯಿತು. ಶೆಡ್ಡಿನ ಕಬ್ಬಿಣದ ಕಂಬ ಬಲಗಡೆಯ ಬಾಗಿಲನ್ನು ಈ ತುದಿಯಿಂದ ಆ ತುದಿಯವರೆಗೆ ಗೀರಿ ನಿಂತಿತು.

ಬೈಗುಳ ನಿಂತಿತು. ಮಗಳು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು. ಗೋಡೆಯಾಚೆ ಯಾರೋ ಕುರ್ಚಿ ಎಳೆದ ಸದ್ದು ಕೇಳಿಸಿತು. ಅದರ ಹಿಂದೆಯೇ ಒಂದು ಕೆಮ್ಮು.

"ಅಮ್ಮಾ," ಎಂದಳು ಪಿಸುದನಿಯಲ್ಲಿ, "ಕಾರು ಇಲ್ಲೇ ಇರ್ಲಿ. ಸ್ಕೂಲಿಗೇನೂ ಬೇಡ."

ನಾನು ಹೂಂ ಎಂದೆ.

ಅವಳು ಮೆಲ್ಲಗೆ ಇಳಿದು, ಗೀರಿಗೆ ಬೆನ್ನು ಕೊಟ್ಟು ನಿಂತು ಕೇಳಿದಳು: "ಆ ಸೂರ್ಯಕಾಂತಿ ಬಟ್ಟೆ ಇನ್ನೂ ಉಳಿದಿದ್ಯಾ?"