ಪಂಕ್ತಿ ಇನ್ನೂ ಎದ್ದಿಲ್ಲ

ನಮ್ಮ ಕಾಕಾನ ಜೋಡಿ ಒಮ್ಮೆ ಊಟಕ್ಕೆ ಕೂತವರು ಎರಡನೇ ಸಲ ತಾವಾಗಿ ಕೂತ ಉದಾಹರಣೆ ಇಡೀ ಪುಣೆಯಲ್ಲಿ ಇಲ್ಲ! ಹಾಗಂತ ಅವರೇನು ಬಕಾಸುರನ ವಂಶದವರಲ್ಲ. ಎರಡು ಭಕ್ಕರಿ, ಒಂದು ಹಿಡಿ ಅನ್ನ, ಮುಗಿಯಿತು. ಬಾಯಿ ಚಪ್ಪರಿಸುವವರಲ್ಲ, ಪಕ್ಕದವರ ಎಲೆ ಇಣುಕುವವರೂ ಅಲ್ಲ. ಅವರದು ಒಂದೇ ರೋಗ. ಜೊತೆಗೆ ಕೂತ ಪ್ರತಿಯೊಬ್ಬರ ಊಟ ಮುಗಿಯುವ ತನಕ ತಾವು ಏಳುವುದಿಲ್ಲ, ಇನ್ನೊಬ್ಬರನ್ನು ಏಳಗೊಡುವುದೂ ಇಲ್ಲ.

ಇದರಲ್ಲೇನು ವಿಶೇಷ, ಪಂಕ್ತಿಯ ನೇಮ ಅಲ್ಲವೇ ಅಂದೀರಿ. ಹೌದು ಸ್ವಾಮೀ, ಮದುವೆ ಮುಂಜಿವೆಯಲ್ಲಿ ನೇಮ! ನಮ್ಮ ಕಾಕಾ ಅದನ್ನು ಧಾರವಾಡದಿಂದ ಹಾಸಿಗೆಯ ಜೊತೆ ಸುತ್ತಿಕೊಂಡು ಪುಣೆಯ ಖಾನಾವಳಿಗೆ ತಂದಿದ್ದರು. ಹತ್ತು ಗಂಟೆಗೆ ಕಚೇರಿ ಮುಟ್ಟಬೇಕಾದ ಗುಮಾಸ್ತರು ಗಬಗಬ ನುಂಗಿ ಓಡುವ ಜಾಗ ಅದು. ಅಲ್ಲಿ ಎಂಥ ಪಂಕ್ತಿ, ಎಂಥ ನೇಮ?

ಕಾಕಾ ಮದುವೆಯಾದವರಲ್ಲ. ಸರಕಾರಿ ಕಚೇರಿಯಲ್ಲಿ ಕಾರಕೂನಿಕೆ, ಸದಾಶಿವ ಪೇಟೆಯ ವಾಡೆಯೊಂದರಲ್ಲಿ ಒಂದೇ ಖೋಲಿ. ಅಣ್ಣನ ಮಗನಾದ ನಾನು ನೌಕರಿ ಹುಡುಕಿಕೊಂಡು ಬಂದು ಅದೇ ಖೋಲಿಯ ಮೂಲೆ ಹಿಡಿದಿದ್ದೆ. ಒಲೆ ಹೊತ್ತಿಸಲು ಇಬ್ಬರಿಗೂ ಬಾರದು. ಕಾಕಾ ಹಾಲು ಕಾಸಿದರೆ ಹಾಲಿಗಿಂತ ಮೊದಲು ಪಾತ್ರೆ ಉಕ್ಕುತ್ತಿತ್ತು! ಹೀಗಾಗಿ ನಮ್ಮ ಪ್ರಾಣ ಖಾನಾವಳಿಯವರ ಕೈಯಲ್ಲಿ.

ನಾನು ಬಂದ ಹೊಸದರಲ್ಲೇ ಒಂದು ಪ್ರಸಂಗ ನಡೆಯಿತು. ಕಾಕಾನ ಎಡಕ್ಕೆ ಕೂತ ರೇಲ್ವೆ ಗುಮಾಸ್ತರು ಊಟ ಮುಗಿಸಿ ಅರ್ಧ ಎದ್ದರು. ಸಾಲಿನ ಕೊನೆಯಲ್ಲಿ ಒಬ್ಬರು ಇನ್ನೂ ಮಜ್ಜಿಗೆ ಅನ್ನ ಕಲಸುತ್ತಿದ್ದರು. ಕಾಕಾ ಎಡಗೈ ಚಾಚಿ ಗುಮಾಸ್ತರ ಧೋತರದ ಚುಂಗು ಹಿಡಿದೇಬಿಟ್ಟರು. "ಬಸಾ, ಬಸಾ! ಪಂಗತ ಅಜೂನ್ ಉಠಲೀ ನಾಹೀ!" ಕೂಡ್ರಿ, ಪಂಕ್ತಿ ಇನ್ನೂ ಎದ್ದಿಲ್ಲ ಎಂದು ಮರಾಠಿಯಲ್ಲಿ ಉಪದೇಶ. ಗುಮಾಸ್ತರ ಮುಂದೆ ಎರಡೇ ದಾರಿ. ಒಂದು, ಕೂಡುವುದು. ಇನ್ನೊಂದು, ಧೋತರ ಕಾಕಾನ ಕೈಯಲ್ಲಿ ಬಿಟ್ಟು ರೇಲ್ವೆ ಕಚೇರಿಗೆ ಹೋಗುವುದು. ಪಾಪ, ಕೂತರು. ಮರುದಿನ ನಮ್ಮಿಬ್ಬರಿಗೂ ಆ ಖಾನಾವಳಿಯ ಬಾಗಿಲು ಬಂದ್!

ಹೀಗೆ ಮೂರು ಖಾನಾವಳಿಗಳು ಕೈಮುಗಿದು ಕಳಿಸಿದ ಮೇಲೆ ಉಳಿದದ್ದು ಒಂದೇ, ಅಕ್ಕನ ಖಾನಾವಳಿ. ಎಲ್ಲರೂ ಅಕ್ಕ ಎಂದೇ ಕರೆಯುವ ಆಕೆ ಹುಬ್ಬಳ್ಳಿ ಕಡೆಯವರು. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡು, ಮನೆಯವರು ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಆಕೆ ಅಳುತ್ತ ಕೂಡಲಿಲ್ಲ, ಪುಣೆಗೆ ಬಂದು ಒಲೆ ಹೂಡಿದರು. ಕಟ್ಟಿನ ಸಾರು, ಮುಳಗಾಯಿ ಪಲ್ಯ, ಬಿಸಿ ಜೋಳದ ಭಕ್ಕರಿ! ಬೆಲ್ಲ ಹಾಕಿದ ಪುಣೆಯ ಆಮಟಿ ಸಾರು ಉಂಡು ಉಂಡು ಸೊರಗಿದ್ದ ಕಾಕಾ ಅಲ್ಲಿಯ ಮೊದಲ ತುತ್ತಿಗೇ ಕಣ್ಣು ಮುಚ್ಚಿದರು. "ತಮ್ಮಾ, ಇದು ಹೋತಂದ್ರ ನಾ ಊರಿಗೆ ಹೋಗೂದ ಗತಿ ನೋಡು" ಅಂದರು. ಇಪ್ಪತ್ತೆರಡು ವರ್ಷದ ನೌಕರಿ ಒಂದು ಭಕ್ಕರಿಯ ಮೇಲೆ ನಿಂತಿತ್ತು. ಸುಳ್ಳಲ್ಲ.

ರವಿವಾರ ಸಂಜೆ ಮಾತ್ರ ನಾವು ಕ್ಯಾಂಪಿನ ಇರಾಣಿ ಹೋಟೆಲಿಗೆ ಹೋಗುತ್ತಿದ್ದೆವು. ಅಲ್ಲಿ ಯಾರು ಯಾರ ಎದುರಿಗೆ ಬೇಕಾದರೂ ಕೂಡಬಹುದು. ಒಮ್ಮೆ ಎದುರಿನ ಕುರ್ಚಿಗೆ ಒಬ್ಬ ಟಾಂಗಾದವನು ಬಂದು ಕೂತ. ಕಾಕಾನ ಚಹಾ ಮುಗಿದಿತ್ತು, ಅವನದು ಮುಗಿದಿರಲಿಲ್ಲ. ಕಾಕಾ ಕೂತರು. ಅವನದು ಮುಗಿಯಿತು. ಆದರೆ ಇಷ್ಟು ದೊಡ್ಡ ಮನುಷ್ಯರು ಏಳದೆ ತಾನು ಹ್ಯಾಗೆ ಏಳಲಿ ಎಂದು ಅವನು ಸಂಕೋಚಪಟ್ಟು ಇನ್ನೊಂದು ಚಹಾ ತರಿಸಿದ. ಅವನೊಬ್ಬನೇ ಕುಡಿಯಬಾರದೆಂದು ಕಾಕಾ ಒಂದು ತರಿಸಿದರು. ತಲಾ ನಾಲ್ಕು ಚಹಾ ಆದವು! ಹೊರಗೆ ಟಾಂಗಾದಲ್ಲಿ ಕೂತಿದ್ದ ಸವಾರಿ ಬೈಯುತ್ತ ಒಳಗೆ ಬಂದು, ದಣಿದು, ತಾನೂ ಒಂದು ಚಹಾ ಹೇಳಿ ಅದೇ ಮೇಜಿಗೆ ಕೂತ. ಇನ್ನೇನು, ಅವನ ಚಹಾ ಮುಗಿಯುವ ತನಕವೂ ಕಾಯಬೇಕಾಯಿತು.

ಮನೆಗೆ ಬರುವಾಗ ನಾನು ರೇಗಿದೆ. "ಕಾಕಾ, ಆ ಟಾಂಗಾದವನಿಗೂ ನಿಮಗೂ ಎಂಥಾ ಪಂಕ್ತಿರೀ? ಊರಾಗಾದ್ರ ಅಂವನ್ನ ಅಂಗಳದಾಗ ಕೂಡಸ್ತಿದ್ರು!"

"ಅದಕ್ಕಽ ನಾ ಊರಿನ ಪಂಕ್ತ್ಯಾಗ ಕೂಡೂದು ಬಿಟ್ಟೇನಿ" ಅಂದರು ಕಾಕಾ, ನಗದೆ.

ಆ ಮಾತು ನನ್ನನ್ನು ಭಾಳ ದಿನ ಕಾಡಿತು. ನಮ್ಮ ಮನೆಯ ಪಂಕ್ತಿಗೆ ಯಾರು ಕೂಡಬೇಕು ಎನ್ನುವುದಕ್ಕಿಂತ ಯಾರು ಕೂಡಬಾರದು ಎನ್ನುವ ಪಟ್ಟಿಯೇ ಉದ್ದ. ಹೋಟೆಲು ಬಂದು ಆ ಪಟ್ಟಿ ಹರಿದು ಹಾಕಿತು, ಒಳ್ಳೆಯದೇ ಆಯಿತು. ಆದರೆ ಪಟ್ಟಿಯ ಜೊತೆಗೆ ಕಾಯುವ ಗುಣವೂ ಹರಿದುಹೋಯಿತೇ? ಒಂದೇ ಮೇಜಿಗೆ ಮೊಣಕೈ ತಾಗಿಸಿ ಉಣ್ಣುತ್ತೇವೆ, ಎದುರಿನವನು ಉಂಡನೋ ಇಲ್ಲವೋ ನೋಡುವುದಿಲ್ಲ. ಯಾರು ಬೇಕಾದರೂ ಬಂದು ಕೂಡಲಿ, ಆದರೆ ಕೂತ ಮೇಲೆ ಬಿಟ್ಟು ಏಳಬಾರದು, ಇದು ಕಾಕಾನ ಹುಚ್ಚು. ಹುಚ್ಚು ಅಂತ ಆಗ ಅಂದುಕೊಂಡಿದ್ದೆ.

ಅಷ್ಟರಲ್ಲಿ ಅಕ್ಕನ ಖಾನಾವಳಿಗೆ ಒಬ್ಬ ಹಲ್ಲಿಲ್ಲದ ಅಜ್ಜ ಬರತೊಡಗಿದರು. ಭಕ್ಕರಿಯನ್ನು ಸಾರಿನಲ್ಲಿ ನೆನೆಹಾಕಿ, ಅದು ಮೆತ್ತಗಾಗುವ ತನಕ ಪೇಶವೆಯರ ಕಾಲದ ಕಥೆ ಹೇಳಿ, ಆಮೇಲೆ ಬಾಯಿಗಿಡುವವರು. ಕಾಕಾನ ಹೆದರಿಕೆಗೆ ಇಡೀ ಪಂಕ್ತಿ ಎಂಜಲಗೈ ಒಣಗಿಸಿಕೊಂಡು ಕೂತಿತು. ಎರಡನೇ ಪಂಕ್ತಿಯವರು ಹೊರಗೆ ಮೆಟ್ಟಿಲ ಮೇಲೆ ಹಸಿದು ಕೂಗಾಡತೊಡಗಿದರು. ಅಕ್ಕ ಸೌಟು ಹಿಡಿದೇ ಹೊರಗೆ ಬಂದರು.

"ರಾಯರ, ಹೊರಗ ಇಪ್ಪತ್ತು ಮಂದಿ ಹಸದು ನಿಂತಾರ. ಇನ್ನೊಮ್ಮೆ ಹಿಂಗಾತಂದ್ರ ನೀವು ಕೂಡೂ ಮಣಿ ಎತ್ತಿಡತೇನಿ. ಬ್ಯಾರೆ ಕಡೆ ನೋಡ್ಕೋರಿ!"

ಕಾಕಾ ಬೆಪ್ಪಾಗಿ ಎದ್ದರು. ಅಂದಿನಿಂದ ಒಂದು ವಾರ ಎಲ್ಲರಂತೆ ಉಂಡು ಎಲ್ಲರಂತೆ ಎದ್ದರು. ಆದರೆ ಎರಡರ ಬದಲು ಒಂದೇ ಭಕ್ಕರಿ. ಏಳುವಾಗ ಅಜ್ಜನ ಎಲೆಯ ಕಡೆ ಕಳ್ಳರ ಹಾಗೆ ನೋಡುವರು.

ರವಿವಾರ ಕಾಕಾ ಬೇಕೆಂದೇ ಕೊನೆಯ ಪಂಕ್ತಿಗೆ ಹೊರಟರು. ಹಿಂದೆ ಯಾರೂ ಕಾಯುವವರಿಲ್ಲ, ಯಾರಿಗೂ ತ್ರಾಸಿಲ್ಲ ಎಂದು ಅವರ ಲೆಕ್ಕ. ಅಜ್ಜನೂ ಅದೇ ಪಂಕ್ತಿಯಲ್ಲಿದ್ದರು. ಅವರು ಉಂಡು ತೇಗಿ ಎದ್ದರು. ಎಲ್ಲರೂ ಎದ್ದರು. ನಾನೂ ಕೈ ತೊಳೆದು ಬಂದೆ. ಕಾಕಾ ಮಾತ್ರ ಖಾಲಿ ಎಲೆಯ ಮುಂದೆ ಕೂತೇ ಇದ್ದರು!

ಮುಗಿಯಿತು, ಇವತ್ತು ಮಣೆ ಹೋಯಿತು. "ಕಾಕಾ, ಏಳ್ರಿ, ನಿಮ್ಮ ಕಾಲಿಗೆ ಬೀಳತೇನಿ" ಅಂದೆ.

ಅಕ್ಕ ಎಂಜಲೆಲೆ ಎತ್ತಲು ಬಂದವರು ಸೊಂಟದ ಮೇಲೆ ಕೈ ಇಟ್ಟು ನಿಂತರು. "ಮತ್ತ ಶುರು ಆತೇನ್ರಿ? ಎಲ್ಲಾರೂ ಎದ್ದು ಹೋದ್ರು. ಇನ್ಯಾರಿಗೆ ಕಾಯಾಕತ್ತೀರಿ?"

ಕಾಕಾ ತಲೆ ಎತ್ತಲಿಲ್ಲ. "ನೀವಿನ್ನೂ ಉಂಡಿಲ್ಲಲ್ರೀ ಅಕ್ಕಾ" ಅಂದರು.

ಅಕ್ಕ ಸೊಂಟದ ಮೇಲಿನ ಕೈ ಕೆಳಗಿಳಿಸಿದರು. ಅವರದು ದಿನಕ್ಕೆ ಒಂದೇ ಹೊತ್ತಿನ ಊಟ. ನಲವತ್ತು ಮಂದಿಗೆ ಬಡಿಸಿ, ಎಲೆ ಎತ್ತಿ, ಗೋಮಯ ಹಚ್ಚಿ, ಆಮೇಲೆ ಉಳಿದದ್ದು. ಅಷ್ಟು ತಿಂಗಳು ಅವರ ಕೈಯ ಅನ್ನ ಉಂಡ ನಾನು, ಈಕೆ ಯಾವಾಗ ಉಣ್ಣುತ್ತಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಥೂ ನನ್ನ!

"ನನ್ನ ಊಟಕ್ಕ ಯಾರರ ಕಾಯತಾರೇನ್ರಿ" ಎಂದು ಅಕ್ಕ ಒಳಗೆ ಹೋದರು. ಒಳಗೆ ಎಲೆ ಹಾಸಿದ ಸಪ್ಪಳ ಕೇಳಿತು. ಆಮೇಲೆ, ಆರಿಸಿದ್ದ ಒಲೆಯನ್ನು ಮತ್ತೆ ಊದಿದ ಸಪ್ಪಳ. ಆಮೇಲೆ ಭಕ್ಕರಿ ಬಡಿಯುವ ಸಪ್ಪಳ, ಒಂದೇ ಒಂದು ಭಕ್ಕರಿ, ತಮಗಾಗಿ.

ಕಾಕಾ ಅಡುಗೆಮನೆಯ ಕಡೆ ಬೆನ್ನು ತಿರುಗಿಸಿ, ಒಣಗಿದ ಕೈ ಎಲೆಯ ಮೇಲಿಟ್ಟುಕೊಂಡು ಕೂತಿದ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಕ್ಕನ ದನಿ ಬಂತು. "ರಾಯರ, ನನಗ ಇನ್ನೂ ಸ್ವಲ್ಪ ಹೊತ್ತಾಗತದ. ನೀವು ಏಳೂದಿದ್ರ ಏಳ್ರಿ. ನಾಳೆ ಮಣಿ ಹಾಕಿರತೇನಿ."

ನಮ್ಮ ಕಡೆ ಮನೆಯ ಯಜಮಾನ ಪಂಕ್ತಿಯ ಮುಂದೆ ನಿಂತು ಉಣ್ಣುವವರಿಗೆ ಹೇಳುವ ಒಂದು ಮಾತಿದೆ. ಅದನ್ನು ಬಡಿಸಿದವಳಿಗೆ ಯಾರಾದರೂ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದೆ.

"ಸಾವಕಾಶ ಆಗಲಿ ಅಕ್ಕಾ" ಅಂದರು ಕಾಕಾ. "ಸಾವಕಾಶ ಆಗಲಿ."