ಕೆಂಪು ಅರಿವೆ ಕಟ್ಟಿದ ಸೋರೆಕಾಯಿ

ನನಗೆ ಜನರನ್ನು ಕಂಡರೆ ತಾತ್ಸಾರ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಬೇರೆಯವರು ಬಂದು ಹೇಳುವುದಕ್ಕಿಂತ ನಾನೇ ಹೇಳಿದರೆ ಅಷ್ಟಿಷ್ಟು ಮರ್ಯಾದೆ ಉಳಿದೀತು. ದ್ವೇಷ ಬೇರೆ, ತಾತ್ಸಾರ ಬೇರೆ. ದ್ವೇಷಕ್ಕೆ ಓಡಾಟ ಬೇಕು, ಕೆಲವೊಮ್ಮೆ ಕೋರ್ಟು ಕಚೇರಿಯೂ ಬೇಕಾಗುತ್ತದೆ. ತಾತ್ಸಾರವನ್ನು ಹೊರಸಿನ ಮೇಲೆ ಕೂತು ಚಹಾ ಕುಡಿಯುತ್ತಲೇ ಮಾಡಬಹುದು. ಹೊಸಪೇಟೆಯ ಮಾರ್ಕೆಟ್ಟಿನಲ್ಲಿ ನಾಲ್ಕು ಕಡ್ಡಿ ಕೊತ್ತಂಬರಿ ಕೊಂಡು ಅದಕ್ಕೊಂದು ಕ್ಯಾರಿಬ್ಯಾಗು ಕೇಳುವವರನ್ನು ಕಂಡರೆ ನನಗೆ ತಾತ್ಸಾರ. ಹೊಸ ಕಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರನ್ನು ಕಂಡರೆ ಇನ್ನೂ ಒಂದು ತೂಕ ಹೆಚ್ಚು. ಎಲ್ಲರಿಗಿಂತ ಹೆಚ್ಚಿನ ತಾತ್ಸಾರವನ್ನು ನಾನು ಕಾದಿರಿಸಿದ್ದು ಪಕ್ಕದ ಹೊಲದ ಹುಲಿಗೆಮ್ಮನಿಗೆ. ಆಕೆ ಕೇಳುವ ಹೆಂಗಸು. ಬೆಳಿಗ್ಗೆ ಬೇಲಿಯ ಆಚೆಯಿಂದ 'ಅಕ್ಕಾರ, ಒಂದೆರಡು ಬದ್ನಿಕಾಯಿ ಅದಾವೇನ್ರಿ?' ಎನ್ನುತ್ತಾಳೆ, ಮಧ್ಯಾಹ್ನ ಮಜ್ಜಿಗೆ ಕೇಳುತ್ತಾಳೆ. ಒಮ್ಮೆ ನನ್ನ ಕಾರ್ಖಾನೆಯ ಹಳೆಯ ನೀಲಿ ಅಂಗಿಯನ್ನೂ ಕೇಳಿ ಒಯ್ದಳು. ಅದನ್ನು ಹೊಲದ ಬೆದರುಗೊಂಬೆಗೆ ಹಾಕುತ್ತಾಳಂತೆ. ನಾನು ಮೂವತ್ತು ವರ್ಷ ತೊಟ್ಟ ಅಂಗಿ!

ನಮ್ಮದು ಹೊಸಪೇಟೆಯಿಂದ ದರೋಜಿಗೆ ಹೋಗುವ ದಾರಿಯಲ್ಲಿ ಮೂರೆಕರೆ. ಜೋಳ, ತೊಗರಿ, ಶೇಂಗಾ, ಬೇಲಿಯುದ್ದಕ್ಕೂ ಕಾಯಿಪಲ್ಯದ ಬಳ್ಳಿಗಳು, ಎರಡು ಎಮ್ಮೆ, ಲೆಕ್ಕಕ್ಕೆ ಸಿಗದ ಕೋಳಿಗಳು. ನಾನು ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಕೊಡುತ್ತಾ ಕೂತಿದ್ದ ಅಷ್ಟೂ ವರ್ಷ ಈ ಹೊಲ ಮಾಡಿದ್ದು ನನ್ನ ಹೆಂಡತಿ ಗಿರಿಜಾ ಮತ್ತು ನಮ್ಮೊಂದಿಗೇ ಇದ್ದ ಅವಳ ಅವ್ವ. ಮೂರು ವರ್ಷದ ಹಿಂದೆ ನಾನು ರಿಟೈರಾಗಿ ಬಂದು ಉಸ್ತುವಾರಿ ವಹಿಸಿಕೊಂಡೆ. ಉಸ್ತುವಾರಿ ಎಂದರೆ, ಗಿರಿಜಾ ಕಳೆ ಕೀಳುತ್ತಾಳೆ, ನಾನು ದಾರಿಯಲ್ಲಿ ಹೋಗುವವರಿಗೆ ಸ್ವಾವಲಂಬನೆಯ ಬಗ್ಗೆ ಹೇಳುತ್ತೇನೆ. 'ಉಪ್ಪು, ಬೆಂಕಿಪೆಟ್ಟಿಗೆ ಬಿಟ್ಟು ನಾವು ಅಂಗಡಿಯಿಂದ ಏನೂ ತರೋದಿಲ್ಲ, ಯಾರ ಮುಂದೂ ಕೈ ಚಾಚೋದಿಲ್ಲ.' ಚಹಾಪುಡಿ, ಬೆಲ್ಲ, ನನ್ನ ಬಿ.ಪಿ. ಗುಳಿಗೆ, ಮೊಬೈಲಿನ ರೀಚಾರ್ಜು, ಇವನ್ನು ಹೇಳುವುದಿಲ್ಲ. ಭಾಷಣದ ಓಟ ಕೆಡುತ್ತದೆ.

ನನ್ನ ಮಾತಿಗೆ ಕೇಳುಗರು ಸಿಗುವುದು ಶನಿವಾರ, ಭಾನುವಾರ. ಹಂಪಿ ನೋಡಿ ಮುಗಿಸಿದವರು ಕರಡಿ ನೋಡಲು ದರೋಜಿಗೆ ಹೊರಡುತ್ತಾರೆ. ಕರಡಿ ಬರುವುದು ಸಂಜೆಗೆ. ಅಲ್ಲಿಯತನಕ ಹೊತ್ತು ಹೋಗಬೇಕಲ್ಲ, ನಮ್ಮ ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸುತ್ತಾರೆ. ತೊಗರಿ ಗಿಡ ನೋಡಿ ಇದು ಯಾವ ಹೂವು ಎಂದು ಕೇಳುತ್ತಾರೆ. ಇವರನ್ನು ಕಂಡರೆ ನನಗೆ ಎಷ್ಟು ತಾತ್ಸಾರವೆಂದರೆ, ಅವರು ಬರದ ಭಾನುವಾರ ನನಗೆ ಊಟವೇ ರುಚಿಸುವುದಿಲ್ಲ.

ಹೋದ ಚಳಿಗಾಲದಲ್ಲಿ ಹಾಗೆ ಬಂದವರು ಮೈಸೂರು ಕಡೆಯ ಗಂಡ ಹೆಂಡತಿ. ಇಬ್ಬರಿಗೂ ದೊಡ್ಡ ಟೋಪಿ. ಗಿರಿಜಾ ಎಮ್ಮೆ ಹೊಡೆದುಕೊಂಡು ಹಳ್ಳದ ಕಡೆ ಹೋಗಿದ್ದಳು. ಅರ್ಧ ಗಂಟೆ ನನ್ನ ಮಾತು ಕೇಳಿದ ಆ ಹೆಂಗಸು, 'ಸರ್, ನಿಮ್ಮಂಥವರು ಈಗ ಎಲ್ಲಿದ್ದಾರೆ ಹೇಳಿ!' ಅಂದಳು. ನಾನು ಮೇಣದ ಹಾಗೆ ಕರಗಿದೆ. ಕರಗಿದವನಿಗೆ ಏನಾದರೂ ಕೊಡಬೇಕೆನಿಸಿತು. ಬೇಲಿಯ ಮೇಲೆ ಒಂದೇ ಒಂದು ಸೋರೆಕಾಯಿ ಉಳಿದಿತ್ತು. ಕುತ್ತಿಗೆ ಸಣ್ಣ, ಹೊಟ್ಟೆ ಬಿಂದಿಗೆಯಷ್ಟು. ಅದರ ತೊಟ್ಟಿಗೆ ಗಿರಿಜಾ ಒಂದು ಕೆಂಪು ಅರಿವೆಯ ಚೂರು ಕಟ್ಟಿದ್ದಳು. 'ಏನ್ ಸರ್ ಇದು, ದೃಷ್ಟಿಗಾ?' ಎಂದು ಟೋಪಿಯ ಗಂಡ ನಕ್ಕ.

ನನಗೆ ಮೈ ಉರಿಯಿತು. ಇವನ ಮುಂದೆ ನಾನು ಮೂಢನಂಬಿಕೆಯ ಹಳ್ಳಿಗನಾಗುವುದೇ? ಮನುಷ್ಯರಿಗೆ ದೃಷ್ಟಿ ತಾಕುವುದೇ ಸುಳ್ಳು, ಇನ್ನು ಸೋರೆಕಾಯಿಗೆ ಯಾರ ದೃಷ್ಟಿ ತಾಕೀತು ಎಂದು ಕಾಲು ಗಂಟೆ ವಿಜ್ಞಾನ ಹೇಳಿದೆ. ಕುಡುಗೋಲು ತಂದೆ. ಅವರು ಫೋಟೋ ತೆಗೆಯಲೆಂದು ನಿಧಾನವಾಗಿ ಗಂಟು ಬಿಚ್ಚಿ, ಅರಿವೆಯನ್ನು ಗಾಳಿಗೆ ಎಸೆದು, ಕಾಯಿ ಕೊಯ್ದು ಆ ಹೆಂಗಸಿನ ಕೈಗಿಟ್ಟೆ. ಆಕೆ ಕೂಸಿನ ಹಾಗೆ ಎತ್ತಿಕೊಂಡಳು. ಫೋನ್ ನಂಬರನ್ನೂ ಕೊಟ್ಟು ಹೋದರು.

ಗಿರಿಜಾ ಬಂದು ಮೊದಲು ನೋಡಿದ್ದು ಬಳ್ಳಿಯನ್ನಲ್ಲ, ನೆಲದ ಮೇಲೆ ಬಿದ್ದಿದ್ದ ಅರಿವೆಯನ್ನು.

'ಇದನ್ನ ಯಾರು ಬಿಚ್ಚಿದ್ರು?'

'ನಾನು. ನಿನ್ನ ದೃಷ್ಟಿ ಗಿಷ್ಟಿ ಎಲ್ಲ...'

'ದೃಷ್ಟಿಗಲ್ರಿ. ಬೀಜಕ್ಕ ಬಿಟ್ಟಿದ್ದೆ.'

ಆಮೇಲೆ ನನಗೆ ತಿಳಿದದ್ದು ಇಷ್ಟು. ಬಳ್ಳಿಯಲ್ಲಿ ಎಲ್ಲಕ್ಕಿಂತ ಚೆಂದದ ಕಾಯಿಯನ್ನು ಆರಿಸಿ, ಯಾರೂ ಕೊಯ್ಯದಿರಲಿ ಎಂದು ಅರಿವೆ ಕಟ್ಟಿ, ಅಲ್ಲೇ ಒಣಗಲು ಬಿಡುತ್ತಾರೆ. ಅದರ ಬೀಜವೇ ಮುಂದಿನ ವರ್ಷದ ಬಳ್ಳಿ. ಈ ಸೋರೆ ನಮ್ಮತ್ತೆ ತನ್ನ ಊರು ಚೋರನೂರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು. ಆಕೆ ತೀರಿಕೊಂಡ ಮೇಲೆ ಗಿರಿಜಾ ಒಂದು ವರ್ಷವೂ ತಪ್ಪಿಸದೆ ಬೆಳೆದಿದ್ದಳು. ಡಬ್ಬಿಯಲ್ಲಿ ಉಳಿಸಿದ್ದ ಬೀಜವೂ ಈಗ ಇರಲಿಲ್ಲ. ಮೊದಲು ಬಿತ್ತಿದ್ದನ್ನು ನವಿಲುಗಳು ಕಿತ್ತು ತಿಂದಿದ್ದರಿಂದ ಅದನ್ನೂ ಬಿತ್ತಿ ಮುಗಿಸಿದ್ದಳು. ಹತ್ತಾರು ವರ್ಷ ಅದೇ ಮನೆಯಲ್ಲಿ ಉಂಡು, ಅದೇ ಸೋರೆಕಾಯಿಯ ಪಲ್ಯಕ್ಕೆ ಇನ್ನೊಂದು ರೊಟ್ಟಿ ಕೇಳಿದ ನನಗೆ ಇದೊಂದೂ ಗೊತ್ತಿರಲಿಲ್ಲ.

'ಫ್ಯಾಕ್ಟರ್ಯಾಗ ಮೂವತ್ತು ವರ್ಷ ನೀವ ಕೆಂಪು ಚೀಟಿ ಕಟ್ಟೀರಿ. ಅದನ್ನ ಕಟ್ಟಿದ ಮಾಲು ಮ್ಯಾನೇಜರ್ ಬಂದ್ರೂ ಕೊಡ್ತಿರಲಿಲ್ಲಂತ ಊರಿಗೆಲ್ಲ ಹೇಳ್ತೀರಿ. ನನ್ನ ಕೆಂಪು ಅರಿವಿ ಮಾತ್ರ ನಿಮಗ ಕಾಣಲಿಲ್ಲ' ಅಂದಳು. ಅಳಲಿಲ್ಲ, ಕೂಗಾಡಲಿಲ್ಲ. ಅರಿವೆಯ ಮಣ್ಣು ಕೊಡವಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. 

ಟೋಪಿಯವರಿಗೆ ಫೋನ್ ಮಾಡಿದೆ. 'ಅಯ್ಯೋ ಸರ್, ಕರಡಿ ಬಿಟ್ಟು ಮತ್ತೆ ಹಂಪಿಗೇ ಹೋದ್ವಿ, ಅಲ್ಲಿ ಕಾರಿನ ಬಾಗಿಲು ತೆಗೆದಿದ್ದೇ ತಡ, ಕೋತಿ ಎಳಕೊಂಡು ಹೋಯ್ತು. ಮಂಟಪದ ಮೇಲಿಂದ ಬಿದ್ದು ಹೋಳಾಯ್ತು. ಆಮೇಲೆ ಎಲ್ಲ ಕೋತಿಗಳೂ ಬಂದು ತಿಂದವು. ವೀಡಿಯೋ ಇದೆ, ಕಳಿಸ್ಲಾ?' ಅಂದಳು ಆಕೆ. ಕಳಿಸಿಯೂ ಕಳಿಸಿದಳು. ಗಿರಿಜಾ ಅದನ್ನು ಎರಡು ಸಲ ನೋಡಿ ಫೋನು ವಾಪಸು ಕೊಟ್ಟಳು.

ಮರುದಿನ ಅವಳು ಬಸ್ಸು ಹತ್ತಿ ಹೊಸಪೇಟೆಗೆ ಹೋಗಿ, ಮಾರ್ಕೆಟ್ಟಿನ ಸೋರೆಕಾಯಿ ತಂದಳು, ಅದೂ ಕ್ಯಾರಿಬ್ಯಾಗಿನಲ್ಲಿ. ಪಲ್ಯ ಮಾಡಿ ಬಡಿಸಿದಳು. ನೀರು ನೀರು, ಸಪ್ಪೆ. 'ಇನ್ನ ಮ್ಯಾಲೆ ಇದನ್ನ ಉಣ್ಣೂದು' ಅಂದಳು. ನಾನು ಉಂಡೆ. ಅದರ ಮರುದಿನವೂ ಅದನ್ನೇ ಉಂಡೆ.

ಮೂರನೆಯ ದಿನ ತಡೆಯಲಾಗದೆ ಚೀಲ ಹಿಡಿದು ಚೋರನೂರಿಗೆ ಹೊರಟೆ. ಮೂರು ಬಸ್ಸು. ಸಂಡೂರು ದಾಟುವಷ್ಟರಲ್ಲಿ ಅದಿರು ಲಾರಿಗಳ ಧೂಳಿಗೆ ನನ್ನ ಬಿಳಿ ಅಂಗಿ ಕಾವಿಯಾಗಿತ್ತು. ಅಲ್ಲಿ ಗಿರಿಜಾಳ ಅಣ್ಣನ ಮಗ ಚಹಾ ಕೊಟ್ಟು, 'ಆ ಸೋರಿ ಯಾರು ಹಾಕ್ತಾರ ಮಾಮಾ? ನಾವೀಗ ಪಾಕೀಟಿನ ಹೈಬ್ರೀಡ್ ಬೀಜ ತರ್ತೀವಿ' ಅಂದ. ಅವನನ್ನು ಕಂಡು ತಾತ್ಸಾರ ಮಾಡಬೇಕೆಂದುಕೊಂಡೆ. ಆ ಸ್ಥಿತಿಯಲ್ಲಿ ಅದೂ ಆಗಲಿಲ್ಲ.

ಇಳಿಹೊತ್ತಿಗೆ ನಮ್ಮ ದಾರಿಯಲ್ಲಿ ಬಸ್ಸಿಳಿದಾಗ ಹುಲಿಗೆಮ್ಮ ತನ್ನ ಬೇಲಿಯ ಬಳಿ ನಿಂತಿದ್ದಳು.

'ಏನ್ ಅಣ್ಣಾರ, ಚೀಲ ಖಾಲಿ ಬಂತಲ್ರಿ?'

ಬೇರೆ ದಿನವಾಗಿದ್ದರೆ ಹ್ಞೂಂ ಎಂದೂ ಹೇಳದೆ ದಾಟುತ್ತಿದ್ದೆ. ಅಂದು ಕಾಲು ಸೋತಿತ್ತು. ನಿಂತು ಎಲ್ಲ ಹೇಳಿದೆ. ಆಕೆ ನನ್ನ ಮಾತು ಮುಗಿಯುವವರೆಗೆ ಕಾದು, ತನ್ನ ದನದ ಕೊಟ್ಟಿಗೆಯ ಮಾಡಿನ ಕಡೆ ಕೈ ತೋರಿಸಿದಳು. ಮಾಡಿನ ತುಂಬ ಸೋರೆಬಳ್ಳಿ. ನಡುವೆ ಕುತ್ತಿಗೆ ಸಣ್ಣ, ಹೊಟ್ಟೆ ದೊಡ್ಡದಾದ ಒಂದು ಕಾಯಿ ಒಣಗಿ ಬುರುಡೆಯಾಗುತ್ತಿತ್ತು. ಅದರ ತೊಟ್ಟಿಗೆ ಕಟ್ಟಿದ್ದು ನೀಲಿ ಅರಿವೆ. ನನ್ನ ಅಂಗಿಯ ತೋಳು ಅದು.

'ನಿಮ್ಮತ್ತಿ ಕೊಟ್ಟಿದ್ದ ಬೀಜ. ಆವತ್ತು ನೀವು ಹೊರಸಿನ ಮ್ಯಾಲೆ ಕುಂತು, ಬೀಜಾನೂ ಬೇಡೂದಾ, ಏನ್ ಜನ ಇವ್ರು ಅಂತ ಅಂದ್ರಿ. ನನಗ ನೆನಪೈತಿ' ಎಂದು ನಕ್ಕಳು. 'ಅಕ್ಕಾರು ಮೊನ್ನೆನ ಹೇಳಿದ್ರು, ಅಣ್ಣಾರು ಬರ್ತಾರ, ಆದ್ರ ಚೋರನೂರು ಮುಗಿಸಿ ಬರ್ತಾರ ಅಂತ. ಕೊಡ್ತೀನಿ ತಗೋರಿ. ಬಾಯಿಬಿಟ್ಟು ಒಂದು ಸಲ ಕೇಳ್ರಿ ಮತ್ತ.'

ಕೇಳುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಈ ಹೆಂಗಸು ಇದನ್ನು ದಿನಕ್ಕೆ ಎರಡು ಸಲ, ನಗುನಗುತ್ತಾ ಹೇಗೆ ಮಾಡುತ್ತಾಳೋ! ಎರಡು ಸಲ ಕೆಮ್ಮಿ, ಕೊಟ್ಟಿಗೆಯಲ್ಲಿದ್ದ ಅವಳ ಎಮ್ಮೆಯ ಕಡೆ ಮುಖ ಮಾಡಿ, 'ಹುಲಿಗೆಮ್ಮ, ಒಂದೆರಡು ಬೀಜ ಅದಾವೇನವ್ವ?' ಅಂದೆ. ಆಕೆ ಒಳಗೆ ಹೋಗಿ ಹಿಂದಿನ ವರ್ಷದ ಬೀಜ ಒಂದು ಹಿಡಿ ತಂದು ಚೀಲಕ್ಕೆ ಹಾಕಿದಳು. ಜೊತೆಗೆ ಎರಡು ಬದನೆಕಾಯಿ. ಅವು ನಮ್ಮವೇ ಇರಬೇಕು.

ಮನೆಗೆ ಬಂದು ಗಿರಿಜಾಳನ್ನು ಕೇಳಿದೆ. 'ಅವಳ ಹತ್ರ ಐತಿ ಅಂತ ಗೊತ್ತಿದ್ದೂ ನನ್ನ ಯಾಕ ಚೋರನೂರಿಗೆ ಹೋಗಾಕ ಬಿಟ್ಟಿ?'

'ನೀವು ನನ್ನನ್ನ ಕೇಳಿದ್ರೇನು?' ಅಂದಳು. ಬೀಜಗಳನ್ನು ಅಂಗೈಯಲ್ಲಿ ಹರವಿಕೊಂಡು ಬಹಳ ಹೊತ್ತು ಮೂಸಿ ನೋಡಿದಳು.

ಈ ವರ್ಷ ಬಳ್ಳಿ ಚೆನ್ನಾಗಿ ಹಬ್ಬಿದೆ. ಅಂಥ ಟೋಪಿಯವರು ಈಗಲೂ ಬರುತ್ತಾರೆ. ಸ್ವಾವಲಂಬನೆಯ ಭಾಷಣ ಶುರು ಮಾಡಿದರೆ ಬೇಲಿಯ ಆಚೆ ಹುಲಿಗೆಮ್ಮ ಕೆಮ್ಮುತ್ತಾಳೆ, ನಾನು ಮಾತನ್ನು ಕರಡಿಗಳ ಕಡೆ ತಿರುಗಿಸುತ್ತೇನೆ. ಮೊನ್ನೆ ಗಿರಿಜಾ ಎಲ್ಲಕ್ಕಿಂತ ದೊಡ್ಡ ಕಾಯಿಯನ್ನು ಆರಿಸಿ ಅದೇ ಕೆಂಪು ಅರಿವೆಯನ್ನು ಕಟ್ಟಿದಳು. ನಾನು ಹೊರಸಿನ ಮೇಲೆ ಕೂತು ನೋಡುತ್ತಿದ್ದೆ. ಅವಳು ನನ್ನನ್ನೊಮ್ಮೆ ನೋಡಿ, ಒಳಗಿನಿಂದ ಇನ್ನೊಂದು ಕೆಂಪು ಚೂರು ಹರಿದು ತಂದು ನನ್ನ ಕುಡುಗೋಲಿನ ಹಿಡಿಕೆಗೆ ಬಿಗಿಯಾಗಿ ಗಂಟು ಹಾಕಿದಳು. ಯಾಕೆಂದು ಈ ಸಲ ನಾನು ಕೇಳಬೇಕಾಗಿರಲಿಲ್ಲ.